ಮಧುಗಿರಿಯಲ್ಲಿ ಪಿಯಾನೋ ತೊಳೆದ ವರ್ಷ

ನೆನೆದ ಕಂಬಳಿಯ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಪಿಯಾನೋ ನೆನಪಾಗುತ್ತದೆ. ಮೊನ್ನೆ ತುಮಕೂರಿನಿಂದ ಬಸ್ಸಿನಲ್ಲಿ ಬರುವಾಗ ಜೋರು ಮಳೆ. ಪಕ್ಕದಲ್ಲಿ ಕುರಿ ಕಾಯುವ ಯಜಮಾನರೊಬ್ಬರು ಕೂತಿದ್ದರು, ಅವರ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. “ವಾಸ್ನೆ ಬತ್ತೈತಾ ತಾಯಿ? ಅಂಗೇ ಆಚೆ ಹೋಗಿ ಕುಂತ್ಕತೀನಿ” ಎಂದು ಆ ಪುಣ್ಯಾತ್ಮ ಸಂಕೋಚದಿಂದ ಎದ್ದೇಬಿಟ್ಟರು. “ಕೂತ್ಕೊಳ್ಳಿ ಯಜಮಾನ್ರೆ, ನನಗೆ ಈ ವಾಸನೆ ಆಗಿಬರುತ್ತೆ” ಅಂದೆ. ಅವರು ನನ್ನನ್ನು ಒಂದು ಥರ ನೋಡಿದರು. ನೋಡಲಿ ಬಿಡಿ. ಜೀವಮಾನವೆಲ್ಲ ಚಿಕ್ಕ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟವಳನ್ನು ಜನ ಒಂದು ಥರ ನೋಡುವುದು ಹೊಸದೇನಲ್ಲ.

ಪಿಯಾನೋದ ಹೊಟ್ಟೆಯೊಳಗೆ ಉಣ್ಣೆ ಇರುತ್ತದೆ. ನಾವು ಬೆರಳಿಂದ ಒತ್ತುವ ಪಟ್ಟಿಯ ಹಿಂದೆ ಒಂದು ಪುಟ್ಟ ಸುತ್ತಿಗೆ, ಆ ಸುತ್ತಿಗೆಯ ತಲೆಗೆ ಒತ್ತಾದ ಉಣ್ಣೆಯ ಟೋಪಿ. ಅದು ತಂತಿಗೆ ಬಡಿದರೆ ನಾದ. ಆ ಉಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಮೈಸೂರು ಸೀಮೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಾರರು. ಅದನ್ನು ನನಗೆ ಕಲಿಸಿದ್ದು ಮಧುಗಿರಿ. ಮಹಾರಾಜರ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗೆ ಆಗಷ್ಟೇ ಮೊದಲ ಕೆಲಸ ಸಿಕ್ಕಿತ್ತು.

ಕೆಲಸ ಸಿಕ್ಕಿತ್ತು ಅಂದರೆ ಪೂರಾ ಸಿಕ್ಕಿರಲಿಲ್ಲ. ಅಪ್ಪ ಬೆಂಗಳೂರು ದಂಡಿನಲ್ಲಿ ಗುಮಾಸ್ತರಾಗಿದ್ದಾಗ ಪಕ್ಕದ ಮನೆಯ ದೊರೆಸಾನಿಯ ಹತ್ತಿರ ನಾನು ಆಟಕ್ಕೆಂದು ಪಿಯಾನೋ ಕಲಿತೆ. ಆಮೇಲೆ ಮದುವೆಯಾಯಿತು. ಮೂರನೆಯ ವರ್ಷಕ್ಕೆ ಗಂಡ ಪ್ಲೇಗಿನಲ್ಲಿ ಹೋದರು. ಅಪ್ಪನೂ ಹೋದ ಮೇಲೆ ನಾನು ಕೊರಟಗೆರೆಯಲ್ಲಿ ಕಾಳಿನ ಮಂಡಿ ಇಟ್ಟಿದ್ದ ಅಣ್ಣನ ಮನೆ ಸೇರಿದೆ. ಅಣ್ಣ ಮಲ್ಲಪ್ಪ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಆ ಮನೆಯಲ್ಲಿ ನಾನು ಬೆಳಗ್ಗೆ ಎದ್ದು ಒಲೆ ಹಚ್ಚುವವಳು, ರಾತ್ರಿ ಎಲ್ಲರಾದ ಮೇಲೆ ಉಣ್ಣುವವಳು. ಯಾರೂ ಹಾಗೆ ಮಾಡು ಅಂದಿರಲಿಲ್ಲ, ಯಾರೂ ಬೇಡ ಅಂತಲೂ ಅಂದಿರಲಿಲ್ಲ. ಹಾಗೇ ಮುದುಕಿಯಾಗಿಬಿಡುತ್ತೇನೆ ಎಂದು ಹೆದರಿಕೆಯಾಗುತ್ತಿತ್ತು.

ಅಷ್ಟರಲ್ಲಿ ಮಧುಗಿರಿಯ ಸಾವ್ಕಾರ್ ಸಿದ್ದಲಿಂಗಪ್ಪನವರು ತುಮಕೂರಿನ ಹರಾಜಿನಲ್ಲಿ, ವಿಲಾಯಿತಿಗೆ ವಾಪಸು ಹೋದ ಯಾವನೋ ಎಂಜಿನಿಯರ್ ದೊರೆಯ ಪಿಯಾನೋ ಕೂಗಿಬಿಟ್ಟರು. ಏನು ಅಂತ ಗೊತ್ತಿಲ್ಲದೆಯೇ ಕೂಗಿದ್ದು. ಮನೆಗೆ ತಂದರೆ ಬಾಗಿಲಲ್ಲಿ ಹಿಡಿಯಲಿಲ್ಲವಂತೆ. ತಾವೇ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಅದನ್ನು ಕೊಟ್ಟು, “ಇದನ್ನ ನುಡಿಸೋರು ಯಾರಾದ್ರೂ ಇದ್ರೆ ಕರೀರಿ” ಅಂದರು. ನಾನು ಇದ್ದೆ. ಅಣ್ಣನ ಮುಂದೆ ನಿಂತು ಹೋಗ್ತೀನಿ ಅಂದೆ. ಅವನು ಮಂಡಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟ.

“ನೋಡವ್ವ ಗಿರಿಜಾ, ಒಂದ್ ವರ್ಷ ಅಷ್ಟೇಯ. ದಸರಾ ಆದ್ಮೇಲೆ ಸ್ಕೂಲ್ ಇನ್ಸ್‌ಪೆಕ್ಟ್ರಮ್ಮ ಬಂದು ನೋಡ್ತಾರಂತೆ. ಅವ್ರು ಒಪ್ಪಿ ಕೆಲ್ಸ ಕಾಯಂ ಆದ್ರೆ ಇರು, ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ಮಾತಿಲ್ದೆ ಗಾಡಿ ಹತ್ಬೇಕು. ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅಂತ ನನ್ ತಂಗಿ ಊರೂರು ಅಲೀಬಾರ್ದು.”

ಆಗಲಿ ಅಂದೆ. ಜಯಮಂಗಲಿ ಹೊಳೆಯ ಮರಳಿನಲ್ಲಿ ಗಾಡಿ ಹೂತುಕೊಂಡು, ಇಳಿದು ತಳ್ಳಿ, ಸೆರಗಿನ ತುಂಬ ಮರಳಾಗಿ ಮಧುಗಿರಿ ಮುಟ್ಟಿದೆ. ಎದುರಿಗೆ ಆ ಬೆಟ್ಟ. ಒಂದೇ ಕಲ್ಲು, ಆಕಾಶದ ಅರ್ಧ ಅದೇ ತಿಂದಿತ್ತು. ಶಾಲೆಯ ಹಿಂದೆ ನನಗೊಂದು ಕೋಣೆ ಕೊಟ್ಟರು. ಒಲೆ, ನೀರಿನ ಗುಡಾಣ, ಒಂದು ಕಿಟಕಿ. ಆ ರಾತ್ರಿ ನಾನೇ ಮುದ್ದೆ ಕಟ್ಟಿ, ಬಿಸಿಬಿಸಿಯಾಗಿ, ಎಲ್ಲರಿಗಿಂತ ಮೊದಲು ಉಂಡೆ. ಎಲ್ಲರೂ ಅಂದರೆ ನಾನೊಬ್ಬಳೇ. ಆದರೂ ಅಂಥ ಮುದ್ದೆ ನಾನು ಮತ್ತೆ ಉಂಡಿಲ್ಲ.

ಮಕ್ಕಳೋ, ಬಹಳ ಚಿಕ್ಕವು. ಕೋಟೆ ಕೆಳಗಿನ ಒಕ್ಕಲು ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು. ಕಡಲೆಕಾಯಿ ಕಳೆ ತೆಗೆಯುವ ಕಾಲಕ್ಕೆ ಅರ್ಧ ಕ್ಲಾಸು ಹೊಲದಲ್ಲಿ. ಬಂದರೂ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಪಿಯಾನೋದ ಪಟ್ಟಿಗಳನ್ನು ಅವು ಮೊದಲ ದಿನವೇ ‘ಹಲ್ಲು’ ಅಂತ ಕರೆದವು. ಬಿಳಿ ಹಲ್ಲು, ಕರಿ ಹಲ್ಲು. ತಿದ್ದಿ ತಿದ್ದಿ ಸಾಕಾಗಿ ನಾನೂ ಹಲ್ಲು ಅನ್ನತೊಡಗಿದೆ.

ಇರುವುದು ಒಂದೇ ಪಿಯಾನೋ, ಮಕ್ಕಳು ಒಂದು ಹಿಂಡು. ಎಲ್ಲರ ಕೈಗೂ ಅದು ಸಿಗುವುದು ಹೇಗೆ? ಶಾಲೆಯ ಮುಂದೆ ಉದ್ದಕ್ಕೆ ಕಲ್ಲುಚಪ್ಪಡಿಯ ಜಗಲಿ ಇತ್ತು. ಅದರ ಮೇಲೆ ಇದ್ದಲಿನಲ್ಲಿ ಪಿಯಾನೋದ ಹಲ್ಲುಗಳನ್ನೆಲ್ಲ ಬರೆದೆ. ಒಂದೊಂದು ಮಗುವಿಗೂ ಒಂದೊಂದು ಹಲ್ಲು ಹಂಚಿದೆ. ಒಳಗೆ ಪಿಯಾನೋದಲ್ಲಿ ಆ ಹಲ್ಲು ಒತ್ತಿ, ಅದರ ನಾದವನ್ನು ಆ ಮಗುವಿನ ಗಂಟಲಲ್ಲಿ ಕೂರಿಸಿದೆ. ಆಮೇಲೆ ಆಟ. ಒಬ್ಬಳು ಜಗಲಿಯ ಮೇಲೆ ಕೂತು ಕಲ್ಲಿನ ಹಲ್ಲುಗಳನ್ನು ಬೆರಳಲ್ಲಿ ಒತ್ತಬೇಕು, ಒತ್ತಿದ ಹಲ್ಲು ಯಾರದೋ ಅವಳು ‘ಆ’ ಅಂತ ಆ ನಾದ ಹಾಡಬೇಕು. ತಪ್ಪಿದರೆ ಉಳಿದವರು ಬಿಡುತ್ತಿರಲಿಲ್ಲ.

“ಲೇ ಪುಟ್ಟಿ, ನಿನ್ ಹಲ್ಲು ಕಣೇ! ನಿದ್ದೆ ಮಾಡ್ತೀಯಾ?”

ಪುಟ್ಟಿ ಎಲ್ಲರಿಗಿಂತ ಚಿಕ್ಕವಳು, ಮೂಗು ಸೋರುತ್ತಿದ್ದವಳು, ಮೂಗೆಳೆದುಕೊಂಡೇ ಹಾಡುತ್ತಿದ್ದಳು. ಎಲ್ಲರಿಗಿಂತ ಚುರುಕು ಗಂಗಿ. ಕಡಲೆಗಿಡ ಕಿತ್ತು ಕಿತ್ತು ಅವಳ ಬೆರಳು ಒಳ್ಳೆ ಗಟ್ಟಿ. ರಾಗಿ ಬೀಸುವಾಗ ಮನೆಮನೆಯಲ್ಲೂ ಹೇಳುವ ಪದದ ಧಾಟಿಯೊಂದನ್ನು ನಾನು ಪಿಯಾನೋಕ್ಕೆ ಹೊಂದಿಸಿಕೊಟ್ಟಿದ್ದೆ. ಇನ್ಸ್‌ಪೆಕ್ಟ್ರಮ್ಮನವರ ಮುಂದೆ ಅದನ್ನೇ ಗಂಗಿ ನುಡಿಸಬೇಕು ಅಂತ ತೀರ್ಮಾನ. ಹಸ್ತ ಮಳೆ ಚೆನ್ನಾಗಿ ಆಯಿತು, ರಾಗಿ ತೆನೆ ಬಿಟ್ಟಿತು, ಗಂಗಿಯ ಕೈಯೂ ಕೂತಿತು. ಕೆಲಸ ಕಾಯಂ ಆಗುತ್ತದೆ ಎಂದು ನನಗೆ ಒಳಗೊಳಗೇ ಧೈರ್ಯ ಬಂತು.

ನವರಾತ್ರಿಗೆ ಅಣ್ಣ ಹೇಳಿ ಕಳಿಸಿದ. ಹಬ್ಬಕ್ಕೆ ಕೊರಟಗೆರೆಗೆ ಹೋದೆ. ಹೋಗಿ ಮಹಾನವಮಿಯ ದಿನ ಮಧ್ಯಾಹ್ನ ವಾಪಸು ಬಂದೆ. ಶಾಲೆಯ ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ, ಕುಂಕುಮ. ಅಂಗಳದ ನಡುವೆ ಎಳೆಬಿಸಿಲಲ್ಲ, ಸುಡುಬಿಸಿಲಲ್ಲಿ ನನ್ನ ಪಿಯಾನೋ ನಿಂತಿತ್ತು. ಮೈತುಂಬ ಚೆಂಡುಹೂವಿನ ಹಾರ, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಅಕ್ಕಪಕ್ಕ ಬಾಳೆಕಂದು. ಮುಂದಿನ ಹಲಗೆ ಬಿಚ್ಚಿಟ್ಟಿದ್ದರು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಸುತ್ತಲೂ ನನ್ನ ಮಕ್ಕಳು ಹೊಸ ಲಂಗ ತೊಟ್ಟು ನಗುತ್ತಾ ನಿಂತಿದ್ದವು.

“ಟೀಚರ್, ಆಯುಧಪೂಜೆಗೆ ತೊಳ್ದ್ವಿ! ನಮ್ಮಪ್ಪ ನೇಗ್ಲು ತೊಳೀತು, ಗಾಡಿ ತೊಳೀತು. ನಿಮ್ದು ಯಾರೂ ತೊಳ್ದೇ ಇರ್ಲಿಲ್ಲ. ಅದ್ಕೇ ನಾವೇ ತೊಳ್ದ್ವಿ.”

“ಬೂದಿ ಹಾಕಿ ಹಲ್ಲೆಲ್ಲ ಉಜ್ಜಿದೀವಿ ಟೀಚರ್. ಒಳಗಡೆ ಎಷ್ಟು ದೂಳಿತ್ತು ಗೊತ್ತಾ! ಬಾವಿಯಿಂದ ಸೇದಿ ಸೇದಿ ಹುಯ್ದ್ವಿ!”

ಅಯ್ಯೋ ಶಿವನೇ. ಶಾಲೆಯ ಕಸ ನೀರು ನೋಡಿಕೊಳ್ಳುತ್ತಿದ್ದ ಓಬಕ್ಕ, ಪಾವಗಡದ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ. ಬೀಗದ ಕೈ ಅವಳ ಹತ್ತಿರವೇ ಇದ್ದದ್ದು. ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಬಂದಳು. “ಪಿಲ್ಲಲು, ಈ ಮಕ್ಳು, ಒಂದೇ ಸಮನೆ ಗೋಗರೆದ್ವು ತಲ್ಲೀ. ಆಯುಧಪೂಜೆ ಅಂದ್ಮೇಲೆ ತೊಳೀದೆ ಇದ್ರೆ ಹೆಂಗೆ? ನಾಲ್ಕು ಆಳು ಕರ್ಸಿ ನಾನೇ ಹೊರಕ್ಕೆ ಇಡ್ಸಿದ್ದು. ಬಾಗುಂದಿ, ಚೆಂದಾಗೈತೆ ಅಲ್ವಾ?”

ನಾನು ಹೋಗಿ ಒಂದು ಹಲ್ಲು ಒತ್ತಿದೆ. ಟಕ್ ಅಂದು ಕೆಳಗೆ ಹೋದದ್ದು ಮೇಲೆ ಏಳಲಿಲ್ಲ. ಇನ್ನೊಂದು ಒತ್ತಿದೆ. ಅದೂ ಹಾಗೇ. ಒಳಗಿಂದ ನೆನೆದ ಕಂಬಳಿಯ ವಾಸನೆ ಗಪ್ಪನೆ ಬಂತು. ಮರ ಊದಿತ್ತು, ಉಣ್ಣೆ ನೀರು ಕುಡಿದು ಕೂತಿತ್ತು. ಇನ್ಸ್‌ಪೆಕ್ಟ್ರಮ್ಮ ಬರುವುದು ನಾಲ್ಕನೆಯ ದಿನ. ಬಾಯಿಗೆ ಬಂದದ್ದು ಬೈಯಬೇಕು ಎಂದು ತಿರುಗಿದೆ. ಆ ಮುಖಗಳನ್ನು ನೋಡಿದರೆ ಬೈಯಲಾಗಲಿಲ್ಲ. ಸುಮ್ಮನೆ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಹೊರಗೆ ಬಹಳ ಹೊತ್ತು ಗುಸುಗುಸು. ಕೊನೆಗೆ ಗಂಗಿಯ ದನಿ, ಬಾಗಿಲ ಸಂದಿಯಿಂದ.

“ಟೀಚರ್, ಕುಂಬಳಕಾಯಿ ಸರ್ಯಾಗಿ ಒಡೀಲಿಲ್ವಾ?”

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಬಾಗಿಲು ತೆಗೆದು, “ಕುಂಬಳಕಾಯಿ ಚೆನ್ನಾಗೇ ಒಡೆದಿದೆ ಕಣಮ್ಮ, ಅದರ ತಪ್ಪೇನಿಲ್ಲ” ಅಂದೆ. ಪಿಯಾನೋಕ್ಕೆ ನೀರು ಆಗುವುದಿಲ್ಲ ಎಂದು ಕೂರಿಸಿಕೊಂಡು ಹೇಳಿದೆ. ಅವು ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡವು. ನಾನು ಊರು ಬಿಡಬೇಕಾಗಬಹುದು ಎಂಬುದನ್ನು ನಾನು ಹೇಳಲಿಲ್ಲ. ಅದನ್ನು ಓಬಕ್ಕ ಹೇಳಿದಳು, ಅಳುತ್ತಾ, ಎದೆ ಬಡಿದುಕೊಳ್ಳುತ್ತಾ, ಊರಿಗೆಲ್ಲ ಕೇಳುವ ಹಾಗೆ.

ಸಿರಾದಿಂದ ಹಾರ್ಮೋನಿಯಂ ರಿಪೇರಿ ಮಾಡುವ ಮೆಹಬೂಬ್ ಸಾಬರನ್ನು ಕರೆಸಿದೆ. ಅವರು ಪಿಯಾನೋದ ಒಳಗೆ ತಲೆ ಹಾಕಿ, “ಯಾ ಅಲ್ಲಾ!” ಎಂದು ತಲೆ ಹೊರಗೆ ತೆಗೆದರು. “ಒಣಗ್ಬೇಕು ಅಮ್ಮಾ. ಜಲ್ದಿ ಮಾಡೋ ಕೆಲ್ಸ ಅಲ್ಲ ಇದು. ಅಂಟೂ ಬಿಟ್ಟದೆ. ಒಂದೆರಡು ತಿಂಗ್ಳು ನನ್ ಹತ್ರ ಬುಟ್ರೆ ಏನಾದ್ರೂ ನೋಡ್ಬೋದು.” ನನಗೆ ಇದ್ದದ್ದು ಮೂರು ದಿನ. ಪಿಯಾನೋವನ್ನು ಒಳಗೆ ಸಾಗಿಸಿ, ಸುತ್ತ ಕೆಂಡದ ಅಗ್ಗಿಷ್ಟಿಕೆ ಇಟ್ಟೆವು. ಮಕ್ಕಳು ಸರದಿಯ ಮೇಲೆ ಮೊರದಲ್ಲಿ ಗಾಳಿ ಬೀಸಿದವು. ರಜೆಯಾದರೂ ಒಬ್ಬಳೂ ತಪ್ಪಿಸಿಕೊಳ್ಳಲಿಲ್ಲ. ಕೆಲವು ಹಲ್ಲು ಬಿಗಿ ಬಿಟ್ಟು ಮತ್ತೆ ನುಡಿದವು. ನಡುವಿನವು, ಬೇಕಾದವೇ, ಸುಮಾರು ಮೂಕವಾಗಿಯೇ ಉಳಿದವು. ಬೇರೆ ಪದ ನುಡಿಸೋಣವೆಂದರೆ ಆ ಹಲ್ಲುಗಳಿಲ್ಲದೆ ಯಾವ ಪದವೂ ಬರುವುದಿಲ್ಲ.

ಸಾವ್ಕಾರರು ಹಬ್ಬಕ್ಕೆ ಪಟ್ಟನಾಯಕನಹಳ್ಳಿಯ ಮಠಕ್ಕೆ ಹೋದವರು ಇನ್ಸ್‌ಪೆಕ್ಷನ್ನಿನ ಬೆಳಗ್ಗೆಯೇ ಬಂದದ್ದು. ನೇರ ಇನ್ಸ್‌ಪೆಕ್ಟ್ರಮ್ಮನವರ ಗಾಡಿಯ ಜೊತೆಗೇ ಬಂದರು. ನನಗೆ ಒಂದು ಮಾತು ಹೇಳುವುದಕ್ಕೂ ಸಂದು ಸಿಗಲಿಲ್ಲ. ಅಣ್ಣನೂ ಬಂದಿದ್ದ. ಹುಣಸೆಮರದ ಕೆಳಗೆ ಗಾಡಿ ಬಿಟ್ಟು, ಜಗಲಿಯ ತುದಿಯಲ್ಲಿ ರುಮಾಲು ಸರಿಮಾಡಿಕೊಂಡು ನಿಂತಿದ್ದ. ಊರಲ್ಲಿ ಸುದ್ದಿ ಅವನ ಕಿವಿಗೆ ಬಿದ್ದಿರಬೇಕು, ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಗೆದ್ದೆ ಅನ್ನುವ ಮುಖವಲ್ಲ ಅದು, ಪಾಪ ಅನ್ನುವ ಮುಖ. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಇನ್ಸ್‌ಪೆಕ್ಟ್ರಮ್ಮ ಬಿಳಿ ಸೀರೆಯ, ಕರಿ ಕೊಡೆಯ, ಬಿಗುವಿನ ಹೆಂಗಸು. ಲೆಕ್ಕ ಕೇಳಿದರು, ಮಗ್ಗಿ ಕೇಳಿದರು, ಹೊಲಿಗೆ ತಿರುವಿ ನೋಡಿದರು. “ಎಲ್ಲಿ, ನಿಮ್ಮ ಪಿಯಾನೋ ಕ್ಲಾಸು?” ಅಂದರು. ಸಾವ್ಕಾರರು ಮೀಸೆ ತಿರುವಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಗಂಗಿ ತಾನೇ ಎದ್ದು ಹೋಗಿ ಪಿಯಾನೋ ಮುಂದೆ ಕೂತಳು. ಉಳಿದವು ಚಾಪೆಯ ಮೇಲೆ ಸಾಲಾಗಿ ಕೂತಿದ್ದವು. ಬೇಡ ಅಂತ ಕೈಸನ್ನೆ ಮಾಡಿದೆ. ಅವಳು ನೋಡಲಿಲ್ಲ.

ನುಡಿಸಿದಳು. ಮೊದಲ ಎರಡು ನಾದ ಬಂದವು, ಮೂರನೆಯದಕ್ಕೆ ಟಕ್ ಅಂತ ಬರೀ ಮರದ ಸದ್ದು. ಅಷ್ಟರಲ್ಲಿ ಚಾಪೆಯಿಂದ, ಮೂಗೆಳೆದುಕೊಂಡು, “ಆ” ಎಂದಿತು ಒಂದು ದನಿ. ಪುಟ್ಟಿ. ಅದು ಅವಳ ಹಲ್ಲು. ಸರಿಯಾಗಿ ಅದೇ ನಾದ, ಸರಿಯಾಗಿ ಅದೇ ಹೊತ್ತಿಗೆ. ಗಂಗಿ ನಿಲ್ಲಲಿಲ್ಲ. ಮುಂದಿನ ಮೂಕ ಹಲ್ಲಿಗೆ ಅದರ ಒಡತಿ ಹಾಡಿದಳು, ಅದರ ಮುಂದಿನದಕ್ಕೆ ಇನ್ನೊಬ್ಬಳು. ಪಿಯಾನೋ ಒಂದು ಮಾತಾಡುವುದು, ಮಕ್ಕಳು ಒಂದು ಮಾತಾಡುವುದು, ಹೀಗೆ ಪದ ಎಲ್ಲೂ ಹರಿಯದೆ ಕೊನೆ ಮುಟ್ಟಿತು. ನಾನು ಹೇಳಿಕೊಟ್ಟದ್ದಲ್ಲ ಇದು. ಅವೇ ನನಗೆ ಗೊತ್ತಾಗದ ಹಾಗೆ ಜಗಲಿಯ ಮೇಲೆ ಕೂತು ಹೊಂದಿಸಿಕೊಂಡಿದ್ದವು.

“ಇದೇನು? ನಡುನಡುವೆ ಇವರೇಕೆ ಹಾಡುತ್ತಾರೆ?” ಅಂದರು ಇನ್ಸ್‌ಪೆಕ್ಟ್ರಮ್ಮ.

ಪುಟ್ಟಿಯೇ ಎದ್ದು ನಿಂತಳು. “ಆಯುಧಪೂಜೆಗೆ ನಾವು ತೊಳ್ದುಬುಟ್ವಿ. ಅದ್ಕೆ ಅದು ಮಾತಾಡ್ತಿಲ್ಲ. ಅದು ಹುಷಾರಾಗೋವರ್ಗೂ ಅದ್ರ ಬದ್ಲು ನಾವೇ ಹೇಳ್ತೀವಿ.”

ಸಾವ್ಕಾರರು ಕುರ್ಚಿಯಿಂದ ಎದ್ದರು. ಮುಖ ಕೆಂಪಾಗಿತ್ತು. “ತೊಳ್ದ್ರಾ? ಪಿಯಾನೋನ ತೊಳ್ದ್ರಾ? ಯಾವಳೇ ಅವ್ಳು ಮೊದ್ಲು ನೀರು ಹುಯ್ದೋಳು?”

“ನಾನು” ಅಂದಳು ಗಂಗಿ. “ನಾನು” ಅಂದಳು ಪುಟ್ಟಿ. “ನಾನು”, “ನಾನೂ” ಎಂದು ಚಾಪೆಗೆ ಚಾಪೆಯೇ ಎದ್ದು ನಿಂತಿತು. ಬಾಗಿಲ ಮರೆಯಿಂದ ಓಬಕ್ಕ, “ಪಿಲ್ಲಲದು ಏನೂ ತಪ್ಪಿಲ್ಲ ಸಾಮೀ, ನಾನೇ” ಎಂದು ಗೋಳೋ ಎಂದಳು. ನನಗೂ ತಡೆಯಲಾಗಲಿಲ್ಲ. “ನನ್ನ ಮಕ್ಕಳು. ಏನಿದ್ದರೂ ನನ್ನನ್ನೇ ಕೇಳಿ” ಅಂದೆ. ಸಾವ್ಕಾರರ ಎದುರಿಗೆ ಅಷ್ಟು ಜೋರಾಗಿ ನಾನು ಮಾತಾಡಿದ್ದು ಅದೇ ಮೊದಲು.

ಇನ್ಸ್‌ಪೆಕ್ಟ್ರಮ್ಮ ಎದ್ದು ಪಿಯಾನೋ ಹತ್ತಿರ ಹೋದರು. ಮಕ್ಕಳಿಗೆ ಬೆನ್ನು ಮಾಡಿ, ತಮ್ಮ ಕೈ ಯಾರಿಗೂ ಕಾಣದ ಹಾಗೆ, ಒಂದೊಂದೇ ಹಲ್ಲು ಒತ್ತಿದರು. ನಾದ ಬಂದರೆ, “ಇದು ಯಾರದು?” ಅನ್ನುವರು. ಅದರ ಒಡತಿ ಕೈ ಎತ್ತುವಳು. ಎಷ್ಟು ಸಲ ಮಾಡಿದರೋ, ಒಂದೂ ತಪ್ಪಲಿಲ್ಲ. ಕೊನೆಗೆ ಒಂದು ಮೂಕ ಹಲ್ಲಿನ ಮೇಲೆ ಬೆರಳಿಟ್ಟು ಪುಟ್ಟಿಯನ್ನು ಹತ್ತಿರ ಕರೆದರು. ಅವಳು ಇಣುಕಿ ನೋಡಿ, “ಇದು ನಂದೇ” ಎಂದು ಹಾಡಿದಳು. ಆ ಬಿಗುವಿನ ಹೆಂಗಸು ತಮ್ಮ ಕರ್ಚೀಪು ತೆಗೆದು ಪುಟ್ಟಿಯ ಮೂಗು ಒರೆಸಿದರು.

“ಸಾವ್ಕಾರ್ರೆ,” ಅಂದರು, “ಪಿಯಾನೋ ರಿಪೇರಿಗೆ ಕಳಿಸಿ. ಟೀಚರನ್ನ ಎಲ್ಲಿಗೂ ಕಳಿಸಬೇಡಿ. ಕಾಯಂ ಮಾಡೋಕೆ ನಾನು ಬರೀತೀನಿ.”

ಸಾವ್ಕಾರರು ಒಂದು ಸಲ ಪಿಯಾನೋ ನೋಡಿದರು, ಒಂದು ಸಲ ಮಕ್ಕಳನ್ನು ನೋಡಿದರು. ಕೂತುಕೊಂಡು, “ಆಗ್ಲಿ ತಾಯಿ. ಮುಂದಿನ ಆಯುಧಪೂಜೆಗೆ ಬೀಗದ ಕೈ ನನ್ ಹತ್ರ ಇರುತ್ತೆ” ಅಂದರು. ಮಕ್ಕಳು ಹೋ ಎಂದು ಕಿರುಚಿಕೊಂಡು ನನ್ನ ಸೀರೆಗೆ ಜೋತುಬಿದ್ದವು. ಯಾವುದರ ತಲೆ ಸವರಿದೆನೋ, ಯಾವುದರ ಕೆನ್ನೆ ಹಿಂಡಿದೆನೋ.

ಎಲ್ಲ ಚದುರಿದ ಮೇಲೆ ನನ್ನ ಕೋಣೆಯ ಕಡೆ ಬಂದೆ. ಅಣ್ಣ ಬಾಗಿಲ ಹೊರಗೆ ನಿಂತಿದ್ದ. ಆ ವರ್ಷವೆಲ್ಲ ಅವನು ಮಂಡಿಯ ಕೆಲಸಕ್ಕೆಂದು ಮಧುಗಿರಿಗೆ ಬಂದಾಗಲೆಲ್ಲ ಹಾಗೇ ಹೊರಗೇ ನಿಂತು ಮಾತಾಡಿಸಿ ಹೋಗುತ್ತಿದ್ದ, ಒಳಗೆ ಕಾಲಿಟ್ಟವನಲ್ಲ. ದುಡಿದು ತಿನ್ನುವ ತಂಗಿಯ ಹತ್ತಿರ ಅಣ್ಣನಾದವನು ಒಂದು ಲೋಟ ನೀರು ಕುಡಿದರೂ ನಾಲ್ಕು ಜನ ಆಡಿಕೊಳ್ಳುತ್ತಾರೆ ಅನ್ನುವ ಕಾಲ ಅದು. ಗಾಡಿಯವನು ಮರದ ಕೆಳಗಿಂದ, “ಎತ್ತು ಕಟ್ಲಾ ಬುದ್ಧೀ? ಹೊತ್ತಾಯ್ತದೆ” ಎಂದು ಕೂಗಿದ.

“ತಡಿಯೋ” ಅಂದ ಅಣ್ಣ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ನನ್ನ ಮುಖ ನೋಡದೆ, ಹೊಸ್ತಿಲು ನೋಡುತ್ತಾ ಕೇಳಿದ.

“ಗಿರಿಜಾ, ನಿನ್ ಮನೇಲಿ ಊಟಕ್ಕೇನೈತೆ?”

“ಮುದ್ದೆ, ಹುರುಳಿ ಸಾರು ಅಣ್ಣ” ಅಂದೆ.

“ಅಂಗಾದ್ರೆ ಬಡ್ಸು” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.